ಗೋಡೆಯ ತಂತಿಯಲ್ಲಿ ಇಂಟರ್ನೆಟ್ ಬಂದ ಮಳೆಗಾಲ

ಈ ವರ್ಷದ ಜೂನ್, ಎರಡನೆಯ ಭಾನುವಾರ, ಬೆಳಿಗ್ಗೆ ಆರು ಗಂಟೆ. ಚಿಕ್ಕಬಾಣಾವರದ ನಮ್ಮ ಮನೆಯ ಹಾಲ್‌ನಲ್ಲಿ ನಾನು ಮತ್ತು ಮಗಳು ವೀಣಾ ಇಬ್ಬರೇ ಇದ್ದೆವು. ರಾತ್ರಿ ಗಾಳಿಮಳೆಗೆ ಹೋಗಿದ್ದ ಕರೆಂಟು ಆಗತಾನೇ ಬಂದಿತ್ತು. ವೀಣಾ ಸೀರೆ ಇಸ್ತ್ರಿ ಮಾಡಲು ಗೋಡೆಯ ಪ್ಲಗ್ಗಿಗೆ ಪಿನ್ನು ಸಿಕ್ಕಿಸಿದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಕಾದ ಪ್ಲಾಸ್ಟಿಕ್ಕಿನ ವಾಸನೆ ಎದ್ದಿತು. ಹೊಗೆಯಿಲ್ಲ, ಕಿಡಿಯಿಲ್ಲ, ಬರೀ ವಾಸನೆ. ಇಬ್ಬರೂ ಒಟ್ಟಿಗೇ ತಲೆಯೆತ್ತಿದೆವು. ಅವಳು ಸ್ವಿಚ್ಚು ಆರಿಸಿ, ಸೀರೆಯನ್ನು ಮಂಚದ ಮೇಲೆ ಹಾಗೇ ಬಿಟ್ಟು ಮಹಡಿ ಹತ್ತಿದಳು. ನಾನು ಕಿಟಕಿ ತೆರೆದೆ.

ಕಳೆದ ಮಳೆಗಾಲ ಪೂರ್ತಿ ನಮ್ಮ ಹಾಲ್‌ನಲ್ಲಿ ಇದೇ ವಾಸನೆ ಇತ್ತು. ಇದೇ ಪ್ಲಗ್ಗು.

ನಾನು ಕಾರ್ಖಾನೆಯಲ್ಲಿ ದುಡಿದವಳು. ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗಕ್ಕೆ ಸೇರಿ, ಅಲ್ಲೇ ನಿವೃತ್ತಳಾದೆ. ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡ ಮೈ ಇದು. ಈಗ ಸೈರನ್ನು ಕೇಳಿಸದಿದ್ದರೂ ಅದೇ ಹೊತ್ತಿಗೆ ಎಚ್ಚರವಾಗುತ್ತದೆ. ನನ್ನ ಗಂಡ ಪಂಚಾಕ್ಷರಿಯವರು ಪೀಣ್ಯದ ಖಾಸಗಿ ಫೌಂಡ್ರಿಯಲ್ಲಿದ್ದರು. ಅಚ್ಚಿನಿಂದ ಹೊರಬಂದ ಎರಕಕ್ಕೆ ಅಂಟಿದ ಮರಳು ಉದುರಿಸಿ, ಗ್ರೈಂಡಿಂಗ್ ಚಕ್ರಕ್ಕೆ ಹಿಡಿದು ನಯ ಮಾಡುವ ಕೆಲಸ. ಮೂಗಿಗೆ ಕಟ್ಟಿಕೊಳ್ಳಲು ಒಂದು ಕರ್ಚೀಫು ಇರುತ್ತಿತ್ತು, ಅಷ್ಟೇ. ಅಷ್ಟು ವರ್ಷ ಎದ್ದ ಧೂಳು ಎಲ್ಲಿಗೆ ಹೋಯಿತು ಎಂಬುದು ಎಪ್ಪತ್ತರ ಹತ್ತಿರ ಬಂದಾಗ ಎಕ್ಸ್‌ರೇಯಲ್ಲಿ ಕಾಣಿಸಿತು. ಶ್ವಾಸಕೋಶ ಗಟ್ಟಿಯಾಗಿದೆ, ಮತ್ತೆ ಮೆತ್ತಗಾಗುವುದಿಲ್ಲ ಎಂದರು ಡಾಕ್ಟರು. ಊಟ, ಸ್ನಾನದ ಹೊತ್ತು ಬಿಟ್ಟು ಉಳಿದೆಲ್ಲ ಹೊತ್ತು ಆಕ್ಸಿಜನ್ ಮಷೀನ್ ಓಡುತ್ತಿರಬೇಕು, ಮನೆಯಲ್ಲಿ ಧೂಳು ಏಳಲೇಕೂಡದು ಎಂದು ಎರಡು ಸಲ ಹೇಳಿ ಕಳಿಸಿದರು.

ಮಷೀನನ್ನು ಬಾಡಿಗೆಗೆ ತಂದೆವು. ಮೊಣಕಾಲೆತ್ತರದ, ಗಾಲಿಗಳಿರುವ ಪೆಟ್ಟಿಗೆ. ಒಳಗಿನ ಮೋಟಾರು ಗುಂಯ್‌ಗುಡುತ್ತ ಕೋಣೆಯ ಗಾಳಿಯನ್ನು ಎಳೆದುಕೊಂಡು, ಆಕ್ಸಿಜನ್ ಬೇರ್ಪಡಿಸಿ, ಸಣ್ಣ ನಳಿಕೆಯಲ್ಲಿ ಮೂಗಿಗೆ ಕೊಡುತ್ತಿತ್ತು. ಹಾಲ್‌ನಲ್ಲಿ ಮಂಚ ಹಾಕಿದೆವು, ಬಚ್ಚಲು ಹತ್ತಿರವಾಗುತ್ತದೆಂದು. ನಾನು ವೇಳಾಪಟ್ಟಿ ಮಾಡಿಕೊಂಡೆ. ಬೆಳಿಗ್ಗೆ ಆರಕ್ಕೆ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುವುದು, ಏಳಕ್ಕೆ ಮುಖ ತೊಳೆಸುವುದು, ಎಂಟಕ್ಕೆ ತಿಂಡಿ ಮತ್ತು ಮಾತ್ರೆ. ಹತ್ತಕ್ಕೆ ನಾನು ಹೊರಡಬೇಕು. ಬಲಭುಜ ಬಿಗಿದುಕೊಂಡು ಕೈ ಮೇಲೇಳುತ್ತಿರಲಿಲ್ಲ, ಸ್ಟೇಷನ್ ರಸ್ತೆಯ ಕ್ಲಿನಿಕ್‌ನಲ್ಲಿ ದಿನಾ ಶಾಖ ಕೊಡುತ್ತಿದ್ದರು. ಬರುವಾಗ ತರಕಾರಿ ಹಿಡಿದು ಮನೆ ಸೇರುವ ಹೊತ್ತಿಗೆ ಹನ್ನೆರಡು ದಾಟುತ್ತಿತ್ತು. ಸಂಜೆ ಆರಕ್ಕೆ ಮತ್ತೆ ಆಕ್ಸಿಮೀಟರ್. ಈ ಪಟ್ಟಿ ಒಂದು ದಿನವೂ ತಪ್ಪಲಿಲ್ಲ.

ಅವರನ್ನು ಎಬ್ಬಿಸಿ ಕೂರಿಸಲು, ಬಚ್ಚಲಿಗೆ ಕರೆದೊಯ್ಯಲು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಅದು ವೀಣಾಳ ಕೆಲಸ. ಮದುವೆ ಮುರಿದು ನಮ್ಮಲ್ಲಿಗೇ ಬಂದಿದ್ದ ಅವಳು ವಿಮಾ ಕಂಪನಿಯೊಂದರ ಕರೆಗಳನ್ನು ನೋಡಿಕೊಳ್ಳುತ್ತಿದ್ದಳು. ರೋಗಿ ದಾಖಲಾದ ಕೂಡಲೇ ಆಸ್ಪತ್ರೆಯವರು ಫೋನ್ ಮಾಡುತ್ತಾರೆ. ಇವಳು ಕಾಗದಪತ್ರ ನೋಡಿ, ಮಂಜೂರು ಅಥವಾ ಇಲ್ಲ ಎನ್ನಬೇಕು. ಅಷ್ಟು ದಿನ ಮನೆಯಿಂದಲೇ ಮಾಡುತ್ತಿದ್ದ ಈ ಕೆಲಸಕ್ಕೆ ಆ ಮೇ ತಿಂಗಳಲ್ಲಿ ಕಂಪನಿ ಎಲ್ಲರನ್ನೂ ಎಲೆಕ್ಟ್ರಾನಿಕ್ ಸಿಟಿಯ ಆಫೀಸಿಗೆ ವಾಪಸ್ ಕರೆಯಿತು. ಚಿಕ್ಕಬಾಣಾವರ ಊರಿನ ಒಂದು ತುದಿ, ಎಲೆಕ್ಟ್ರಾನಿಕ್ ಸಿಟಿ ಇನ್ನೊಂದು ತುದಿ. ಬಸ್ಸು, ಮೆಟ್ರೊ, ಮತ್ತೆ ಬಸ್ಸು. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮನೆಗೆ. ವೀಣಾ ತಂದೆಯ ಕಾಯಿಲೆಯ ಕಾಗದಗಳನ್ನು ಕಳಿಸಿ ಬೇಡಿಕೊಂಡಳು. ಅವಳ ಮ್ಯಾನೇಜರ್ ಒಂದು ಷರತ್ತಿನ ಮೇಲೆ ಒಪ್ಪಿದರು. ದಸರಾವರೆಗೆ ನೋಡುತ್ತೇವೆ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಕರೆಗಳ ನೂಕು, ಆ ಹೊತ್ತಿನಲ್ಲಿ ಲೈನು ಕಡಿಯಬಾರದು. ಕಡಿಯದಿದ್ದರೆ ಮನೆಯಿಂದಲೇ ಮಾಡಲು ಕಾಯಂ ಅನುಮತಿ. ಕಡಿದರೆ ಆಫೀಸು.

ಅವಳು ಬಾಗಿಲು ಹಾಕಿಕೊಂಡ ಕೋಣೆಯಲ್ಲೇ ಕೂರಬೇಕೆಂಬುದು ಕಂಪನಿಯ ನಿಯಮ. ಕೆಮ್ಮು, ಮಷೀನಿನ ಸದ್ದು ಆ ಕಡೆಗೆ ಕೇಳಿಸಕೂಡದು. ಹಾಗಾಗಿ ಟೆರೇಸಿನ ಕೋಣೆ ಅವಳದಾಯಿತು. ರೂಟರ್ ಇದ್ದದ್ದು ಕೆಳಗೆ ಹಾಲ್‌ನಲ್ಲಿ, ಮಂಚದ ಎದುರಿನ ಗೋಡೆಗೆ. ವೈಫೈ ಮೇಲಕ್ಕೆ ಹತ್ತುವಷ್ಟರಲ್ಲಿ ಸುಸ್ತಾಗಿಬಿಡುತ್ತಿತ್ತು. ಮೊಬೈಲಿನ ಇಂಟರ್ನೆಟ್ಟನ್ನು ಕಂಪನಿಯ ಲ್ಯಾಪ್‌ಟಾಪ್ ಒಪ್ಪುತ್ತಿರಲಿಲ್ಲ. ತಂತಿಯಲ್ಲೇ ಬರಬೇಕಿತ್ತು.

ನಮ್ಮ ಬೀದಿಯ ನಾಗರಾಜನನ್ನು ಕರೆಸಿದೆವು. ಸಿಸಿಟಿವಿ, ಡಿಶ್ಶು, ಯುಪಿಎಸ್ಸು, ಏನು ಹೇಳಿದರೂ "ಆಗುತ್ತೆ ಬಿಡಿ ಆಂಟಿ" ಎನ್ನುವವನು. ಮೆಟ್ಟಿಲು ಮನೆಯ ಹೊರಗಿದೆ. ಬಾಗಿಲ ಸಂದಿಯಲ್ಲಿ ಕೇಬಲ್ ತೂರಿಸಿ ಮೆಟ್ಟಿಲ ಮೇಲೆ ಹಾಯಿಸಿದ. ಕಬ್ಬಿಣದ ಬಾಗಿಲಿಗೆ ಸಿಕ್ಕಿ ಅದು ವಾರದೊಳಗೆ ಜಜ್ಜಿಹೋಯಿತು. ಗೋಡೆ ಕೊರೆಯಲು ಡ್ರಿಲ್ಲಿಂಗ್ ಮಷೀನ್ ತಂದವನನ್ನು ನಾನೇ ಬಾಗಿಲಲ್ಲಿ ತಡೆದೆ.

"ಧೂಳು ಏಳಬಾರದು ನಾಗರಾಜ. ಡಾಕ್ಟರ್ ಹೇಳಿದಾರೆ."

"ಒಂದೇ ಒಂದು ತೂತು ಆಂಟಿ. ಒದ್ದೆ ಬಟ್ಟೆ ಹಿಡ್ಕೋತೀನಿ."

ಮಂಚದ ಮೇಲಿಂದ ನನ್ನ ಗಂಡ ಹೇಳಿದರು, "ನಮ್ ಫೌಂಡ್ರಿಲೂ ಹಿಂಗೇ ಅಂತಿದ್ರು ಕಣಯ್ಯ. ಒದ್ದೆ ಬಟ್ಟೆ ಕಟ್ಕೋ, ಏನೂ ಆಗಲ್ಲ ಅಂತ."

ನಾಗರಾಜ ಡ್ರಿಲ್ಲನ್ನು ಚೀಲಕ್ಕೆ ಹಾಕಿಕೊಂಡ.

ಕಂಬದಿಂದ ನೇರ ಮಹಡಿಗೆ ಹೊಸ ಕೇಬಲ್ ಎಳೆಯಿರಿ ಎಂದು ಇಂಟರ್ನೆಟ್ಟಿನವರಿಗೆ ಹೇಳಿದರೆ, ಒಳಚರಂಡಿ ಪೈಪಿಗಾಗಿ ನಿಮ್ಮ ರಸ್ತೆ ಅಗೆದಿದೆ, ಅದು ಮುಚ್ಚುವವರೆಗೆ ಕಂಬ ಮುಟ್ಟುವುದಿಲ್ಲ ಎಂದರು. ಅಗೆದ ರಸ್ತೆಯೆಂದರೆ ಮಳೆ ಬಂದರೆ ಕೆಸರು, ಎರಡು ದಿನ ಬಿಸಿಲು ಬಿದ್ದರೆ ಕೆಂಪು ಧೂಳು. ನಾನು ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಗಳಿಗೆ ಹಳೆಯ ಸೀರೆಯ ತುಂಡು ತುರುಕಿದ್ದೆ.

ಆಗ ನಾಗರಾಜ ಅಡಾಪ್ಟರ್‌ಗಳನ್ನು ತಂದ. ಬಿಳಿಯ ಎರಡು ಡಬ್ಬಿ, ಒಂದೊಂದೂ ಸೋಪಿನ ಪೆಟ್ಟಿಗೆಯಷ್ಟು. ಪವರ್‌ಲೈನ್ ಅಡಾಪ್ಟರ್ ಅಂತ ಹೆಸರು. ಒಂದನ್ನು ರೂಟರ್ ಪಕ್ಕದ ಪ್ಲಗ್ಗಿಗೆ ಹಾಕಿ, ರೂಟರ್‌ಗೂ ಅದಕ್ಕೂ ಮೋಟು ಕೇಬಲ್ ಜೋಡಿಸಿದ. ಇನ್ನೊಂದನ್ನು ಟೆರೇಸಿನ ಕೋಣೆಯ ಪ್ಲಗ್ಗಿಗೆ ಹಾಕಿ, ಅಲ್ಲಿಂದ ಲ್ಯಾಪ್‌ಟಾಪಿಗೆ ಜೋಡಿಸಿದ. ಗೋಡೆಯೊಳಗೆ ಆಗಲೇ ಇರುವ ಕರೆಂಟಿನ ತಂತಿಯಲ್ಲೇ ಇಂಟರ್ನೆಟ್ಟೂ ಹರಿದು ಮೇಲೆ ಹೋಗುತ್ತದಂತೆ.

"ಹೊಸಾ ವೈರ್ ಇಲ್ಲ, ತೂತಿಲ್ಲ, ಧೂಳಿಲ್ಲ. ಸಕ್ಕತ್ ಐಟಮ್ಮು ಆಂಟಿ. ಡಬ್ಬಿ ಮೇಲೆ ಈ ದೀಪ ನೋಡ್ಕೊಳಿ. ಹಸಿರು ಇದ್ರೆ ಲೈನ್ ಚೆನ್ನಾಗಿದೆ. ಕೆಂಪಾದ್ರೆ ಕೆಟ್ಟಿದೆ ಅಂತ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಮಾತ್ರ ಹಾಕ್ಬೇಡಿ, ನೇರ ಗೋಡೆಗೇ ಇರ್ಲಿ."

"ಕೈಗೆ ಬಿಸಿ ಹತ್ತುತ್ತಲ್ಲೋ?" ಎಂದೆ. ಡಬ್ಬಿ ಬೆಚ್ಚಗಿತ್ತು, ಕಾದ ಪ್ಲಾಸ್ಟಿಕ್ಕಿನ ವಾಸನೆ ಬರುತ್ತಿತ್ತು.

"ಕೆಲಸ ಮಾಡೋ ಯಾವ್ದಾದ್ರೂ ಬಿಸಿ ಆಗ್ಲೇಬೇಕಲ್ವಾ ಆಂಟಿ? ನೀವೇ ನೋಡಿ, ಯಾವಾಗ್ಲೂ ಬಿಸಿನೇ."

ನನ್ನ ಗಂಡ ನಕ್ಕರು. ನಕ್ಕರೆ ಕೆಮ್ಮು ಬರುತ್ತಿತ್ತು. ನಾಗರಾಜ ಬಂದ ದಿನ ಎರಡೂ ಜಾಸ್ತಿ.

ಆ ದೀಪ ಅವರ ಮಂಚಕ್ಕೆ ಸರಿಯಾಗಿ ಎದುರಿಗಿತ್ತು. ಮೊದಲೆರಡು ದಿನ ಹಸಿರು, ಕೆಂಪು, ಮತ್ತೆ ಹಸಿರು ಎಂದು ಅದು ತೊಯ್ದಾಡಿತು. ಮೇಲೆ ವೀಣಾ "ಹಲೋ, ಕೇಳಿಸ್ತಿದೆಯಾ ಸರ್, ಹಲೋ" ಎಂದು ಕೂಗುವುದು ಕೆಳಗೂ ಕೇಳುತ್ತಿತ್ತು. ಮೂರನೆಯ ದಿನ ಮ್ಯಾನೇಜರ್ ಎಚ್ಚರಿಕೆ ಕೊಟ್ಟರು. ಅವಳು ಊಟಕ್ಕೆ ಇಳಿದು ಬಂದಾಗ ಕಣ್ಣು ಕೆಂಪಾಗಿತ್ತು. ಆಸ್ಪತ್ರೆಯ ಬಿಲ್ ಕೌಂಟರಿನಲ್ಲಿ ಯಾರೋ ಗಂಡಸು ಅಳುತ್ತ ನಿಂತಿದ್ದನಂತೆ, ಇವಳು ಮಂಜೂರು ಎನ್ನುವಷ್ಟರಲ್ಲಿ ಲೈನು ಹೋಯಿತಂತೆ.

ನಾಗರಾಜ ಮತ್ತೆ ಬಂದ. ಪ್ಲಗ್ಗು ಬದಲಾಯಿಸಿದ, ಮಿಕ್ಸಿ ಆರಿಸಿ ನೋಡಿದ, ಫ್ರಿಜ್ಜು ಆರಿಸಿ ನೋಡಿದ. ಕೊನೆಗೆ ತಲೆ ಕೆರೆದುಕೊಂಡು ಆಕ್ಸಿಜನ್ ಮಷೀನ್ ಕಡೆ ನೋಡಿದ.

"ಒಂದ್ನಿಮಿಷ ಇದನ್ನ ಆರಿಸ್ಲಾ ಅಂಕಲ್?"

ಅವರು ತಲೆಯಾಡಿಸಿದರು. ಮಷೀನು ನಿಂತಿತು. ಕೆಂಪು ದೀಪ ಹಳದಿಯಾಗಿ, ಹಸಿರಾಯಿತು. ಮತ್ತೆ ಹಾಕಿದ. ಕೆಂಪು.

"ಇದೇ ನೋಡಿ ಆಂಟಿ. ಮೋಟಾರಿನ ಗಲಾಟೆ ಎಲ್ಲಾ ಅದೇ ವೈರಿನೊಳಗೆ ಹೋಗ್ತಿದೆ. ಒಂದೇ ದಾರೀಲಿ ಲಾರಿನೂ ಸೈಕಲ್ಲೂ ಹೋದಂಗೆ. ಟೆನ್ಷನ್ ಬೇಡ. ಫಿಲ್ಟರ್ ಇರೋ ಬೋರ್ಡ್ ಸಿಗುತ್ತೆ, ಮಷೀನ್ನ ಅದಕ್ಕೆ ಹಾಕಿದ್ರೆ ಗಲಾಟೆ ಅಲ್ಲೇ ನಿಲ್ಲುತ್ತೆ."

ನನ್ನ ಗಂಡ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ಭಾನುವಾರ ಬೋರ್ಡು ಬಂತು. ಅದರ ವೈರು ಮೋಟಾದ್ದರಿಂದ, ಮಂಚದ ತಲೆಯ ಹಿಂದೆ ಇದ್ದ ಮಷೀನನ್ನು ಮಂಚದ ಪಕ್ಕಕ್ಕೆ ತಂದಿಡಬೇಕಾಯಿತು. ನಾಗರಾಜ ಸ್ವಿಚ್ಚು ಹಾಕಿದ. ದೀಪ ಹಸಿರಾಗಿಯೇ ಇತ್ತು. ಅವನು ಎರಡು ಕಾಫಿ ಕುಡಿದು, ಹೆಮ್ಮೆಯಿಂದ ಎದ್ದು ಹೋದ. ಆ ವಾರ ನೂಕಿನ ಹೊತ್ತಿನಲ್ಲಿ ಒಂದು ಕರೆಯೂ ಕಡಿಯಲಿಲ್ಲ, ಮಧ್ಯಾಹ್ನ ಆಗೊಮ್ಮೆ ಈಗೊಮ್ಮೆ ದೀಪ ಕೆಂಪಾದರೂ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಮುಂದಿನ ವಾರವೂ ಇಲ್ಲ. ಶ್ರಾವಣ ಬಂತು. ಮೊದಲ ಸೋಮವಾರ ಒಬ್ಬಟ್ಟು ಮಾಡಿ, ನಾಗರಾಜನ ಮನೆಗೂ ಒಂದು ಡಬ್ಬಿ ಕಳಿಸಿದೆ. ವೀಣಾ ಎಷ್ಟೋ ದಿನಗಳ ಮೇಲೆ ತಲೆಗೆ ಹೂ ಮುಡಿದಳು.

ಆದರೆ ನನ್ನ ಗಂಡ ಇಳಿಯತೊಡಗಿದರು. ಪಾದ ಬಾತುಕೊಂಡಿತು. ಮಧ್ಯಾಹ್ನದ ಊಟಕ್ಕೆ ಎಬ್ಬಿಸಿದರೆ ಎಲ್ಲಿದ್ದೇನೆ ಎನ್ನುವವರ ಹಾಗೆ ನೋಡುತ್ತಿದ್ದರು. ತುತ್ತು ಬಾಯಲ್ಲಿಟ್ಟುಕೊಂಡೇ ಜೊಂಪು. ಡಾಕ್ಟರ ಬಳಿ ಕರೆದೊಯ್ದೆವು. ಹೃದಯದ ಬಲಭಾಗಕ್ಕೆ ಭಾರ ಬೀಳುತ್ತಿದೆ ಎಂದರು. "ಮಷೀನ್ ಸರಿಯಾಗಿ ಹಾಕ್ತಿದೀರಾ?" ಎಂದು ಕೇಳಿದರು. ನಾನು ಬೆಳಗಿನ ಆರರ ಅಂಕಿ, ಸಂಜೆ ಆರರ ಅಂಕಿ ಹೇಳಿದೆ. ಎರಡೂ ಸರಿಯಾಗಿದ್ದವು. ಡಾಕ್ಟರು ಮಾತ್ರೆ ಬದಲಿಸಿದರು. ಮಳೆ, ಶೀತ, ವಯಸ್ಸು ಎಂದು ನಾವೂ ಅಂದುಕೊಂಡೆವು.

ಆ ದಿನಗಳಲ್ಲಿ ಬೆಳಿಗ್ಗೆ ಹತ್ತಾಗುತ್ತಿದ್ದಂತೆ ಅವರು ನನ್ನನ್ನು ಹೊರಡಿಸುತ್ತಿದ್ದರು.

"ಹೊತ್ತಾಯ್ತು ಗಿರಿಜಾ, ಹೊರಡು. ಕ್ಲಿನಿಕ್‌ನೋನು ಕಾಯಲ್ಲ."

"ಹೋಗ್ತೀನ್ರೀ. ಸೈರನ್ ಆಗಿದ್ದೀರಿ ನನಗೆ."

"ಮತ್ತೆ? ನಿನಗೆ ಅದೇ ಭಾಷೆ ಅರ್ಥ ಆಗೋದು."

ಭಾದ್ರಪದದ ಒಂದು ಗುರುವಾರ, ನಾನು ರೈಲ್ವೆ ಗೇಟಿನವರೆಗೂ ಹೋಗಿರಲಿಲ್ಲ, ಮಳೆ ಕೊಡದಲ್ಲಿ ಸುರಿದ ಹಾಗೆ ಸುರಿಯಿತು. ಅಗೆದ ಕಾಲುವೆ ತುಂಬಿ ರಸ್ತೆಗೂ ಹಳ್ಳಕ್ಕೂ ವ್ಯತ್ಯಾಸವೇ ತಿಳಿಯಲಿಲ್ಲ. ಆ ಕೆಸರಿನಲ್ಲಿ ಒಂದೇ ಕೈ ಆಡುವ ನಾನು ಬಿದ್ದರೆ ಎಬ್ಬಿಸುವವರಿಲ್ಲ. ಹಿಂದಕ್ಕೆ ತಿರುಗಿದೆ. ಬಾಗಿಲು ತೆಗೆದು ಒಳಗೆ ಕಾಲಿಟ್ಟೆ. ಏನೋ ಸರಿಯಿಲ್ಲ ಎನ್ನಿಸಿತು. ಹೊರಗೆ ಮಳೆಯ ಸದ್ದು, ಮೇಲೆ ವೀಣಾಳ ಮಾತು. ಹಾಲ್‌ನಲ್ಲಿ ಮಾತ್ರ ಏನೂ ಇಲ್ಲ. ಮಷೀನು ನಿಂತಿತ್ತು.

ಅವರು ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಮುಂದಕ್ಕೆ ಬಾಗಿ ಕೂತಿದ್ದರು. ಮೂಗಿನಲ್ಲಿ ನಳಿಕೆ ಇತ್ತು. ಕಣ್ಣು ಎದುರಿನ ಗೋಡೆಯ ಮೇಲಿತ್ತು. ಅಲ್ಲಿ ದೀಪ ಹಸಿರಾಗಿ ಉರಿಯುತ್ತಿತ್ತು. ತುಟಿಯ ಬಣ್ಣ ನೇರಳೆ ಹಣ್ಣು ತಿಂದವರ ಹಾಗಿತ್ತು.

"ರೀ! ಏನ್ರೀ ಇದು?"

ಅವರು ಬಲಗೈ ಎತ್ತಿ ಅಂಗೈ ತೋರಿಸಿದರು. "ಕರೆ... ನಡೀತಿದೆ. ಮೆಲ್ಲಗೆ."

"ಮಷೀನ್ ಯಾರು ಆರಿಸಿದ್ದು?"

"ನಾನೇ. ಬೋರ್ಡಿನಿಂದ ಏನೂ ಆಗ್ಲಿಲ್ಲ ಕಣೆ. ಭಾನುವಾರ ಬೀದೀಲಿ ಯಾವ ಮಷೀನೂ ಓಡಲ್ಲ, ಅದಕ್ಕೇ ಹಸಿರಿತ್ತೇನೋ. ಸೋಮವಾರ ನೀನು ಹೋಗ್ತಿದ್ದಂಗೆ ಕೆಂಪಾಯ್ತು. ಮೇಲೆ ಅವಳು ಹಲೋ ಹಲೋ ಅಂತ ಶುರು ಮಾಡಿದ್ಳು. ಸ್ವಿಚ್ಚು ಪಕ್ಕದಲ್ಲೇ ಇತ್ತು. ನಿಲ್ಸಿಬಿಟ್ಟೆ."

"ಅವತ್ತಿಂದ ದಿನಾನಾ?"

ಅವರು ಉಸಿರು ಕೂಡಿಸಿಕೊಂಡು, ನನಗೆ ನ್ಯಾಯ ಒಪ್ಪಿಸುವ ಹಾಗೆ ಹೇಳಿದರು. "ನಿನಗ್ ಗೊತ್ತಿರೋದೇ ಅಲ್ವಾ. ನೀವು ಇನ್‌ಸ್ಪೆಕ್ಷನ್‌ನೋರು ಕೈ ಎತ್ತಿದ್ರೆ, ಪಕ್ಕದೋನು ಮಷೀನ್ ನಿಲ್ಸ್ತಿರ್ಲಿಲ್ವಾ?"

ಅದು ನಿಜ. ನಾವು ಅಳತೆಯ ಗೇಜು ಇಟ್ಟಾಗ ಪಕ್ಕದ ಪ್ರೆಸ್ಸು ಓಡುತ್ತಿದ್ದರೆ ಮುಳ್ಳು ನಡುಗುತ್ತದೆ. ಆದ್ದರಿಂದ ತಪಾಸಣೆಯವರು ಕೈ ಎತ್ತಿದರೆ ಅಕ್ಕಪಕ್ಕದವರು ಮಷೀನ್ ನಿಲ್ಲಿಸಬೇಕು. ನಮ್ಮ ಕಾರ್ಖಾನೆಯಲ್ಲೂ ಹಾಗೇ, ಅವರ ಫೌಂಡ್ರಿಯಲ್ಲೂ ಹಾಗೇ. ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ. ಇವರ ಲೆಕ್ಕದಲ್ಲಿ ಮಹಡಿಯಲ್ಲಿದ್ದ ವೀಣಾ ಕೈ ಎತ್ತಿದ್ದಳು.

"ಅದು ಎರಡು ನಿಮಿಷದ ಮಾತು," ಎಂದೆ. "ನೀವು ದಿನಾ ಎರಡು ಗಂಟೆ ಉಸಿರು ಬಿಟ್ಟು ಕೂರ್ತಿದ್ದೀರಿ."

"ಬಿಟ್ಟಿಲ್ಲ. ಸಣ್ಣದಾಗಿ ತಗೋತಿದೀನಿ."

ನಾನು ಬಾಗಿ ಸ್ವಿಚ್ಚು ಒತ್ತಿದೆ. ಮೋಟಾರು ಗುಂಯ್ ಎಂದಿತು. ಅವರ ಕಣ್ಣು ದೀಪವನ್ನು ಬಿಡಲಿಲ್ಲ. ನಾನೂ ನೋಡಿದೆ. ಹಸಿರು ಹಳದಿಯಾಯಿತು, ಹಳದಿ ಕೆಂಪಾಯಿತು. ಮೇಲೆ ಮಾತು ನಿಂತಿತು. ಆಮೇಲೆ ವೀಣಾಳ ದನಿ ಏರಿತು. "ಹಲೋ? ಮೇಡಂ, ಕೇಳಿಸ್ತಿದೆಯಾ? ಹಲೋ..."

ಅವರು ಕಣ್ಣು ಮುಚ್ಚಿಕೊಂಡರು. "ಕೆಡಿಸ್ಬಿಟ್ಯಲ್ಲೇ."

ಸ್ವಲ್ಪ ಬಣ್ಣ ತಿರುಗಿದ ಮೇಲೆ ನನ್ನ ಸೆರಗು ಹಿಡಿದುಕೊಂಡರು. "ದಸರಾಗೆ ಇನ್ನೆಷ್ಟು ದಿನ ಇದೆ? ಅಲ್ಲೀವರೆಗೂ ಅವಳಿಗೆ ಹೇಳ್ಬೇಡ. ಒಂದು ಸಲ ಪರ್ಮಿಷನ್ ಆಗ್ಲಿ."

ನಾನು ಸೆರಗು ಬಿಡಿಸಿಕೊಂಡು ಒದ್ದೆ ಸೀರೆ ಬದಲಿಸಲು ಹೋದೆ. ಅನ್ನಕ್ಕಿಟ್ಟೆ. ಸಾರು ಕುದಿಯುವಷ್ಟರಲ್ಲಿ ತೀರ್ಮಾನವಾಗಿತ್ತು. ಊಟಕ್ಕೆ ಕೂತ ವೀಣಾಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವಳು ಕಲಸಿದ ಅನ್ನ ಬಿಟ್ಟು ಎದ್ದಳು. ಕೈ ತೊಳೆಯದೆ ಹಾಲ್‌ಗೆ ಹೋದಳು.

"ನಾನು ಕೇಳಿದ್ನಾ ಅಪ್ಪಾ? ಉಸಿರು ನಿಲ್ಸಿ ನನ್ನ ಕೆಲಸ ಉಳಿಸು ಅಂತ ನಾನು ಕೇಳಿದ್ನಾ?"

"ನಿನಗೋಸ್ಕರ ಅಂತ ಯಾರು ಹೇಳಿದ್ದು?" ಎಂದರು ಅವರು. "ನೀನು ಆ ಕಡೆ ಹೋದ್ರೆ ನನ್ನನ್ನ ಬಚ್ಚಲಿಗೆ ಯಾರು ಕರ್ಕೊಂಡು ಹೋಗ್ತಾರೆ? ನಾಗರಾಜನಾ? ನನ್ನ ಸ್ವಾರ್ಥ ಅದು."

ಅವಳು ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ. ನೆಟ್ಟಗೆ ಗೋಡೆಯ ಬಳಿ ಹೋಗಿ, ಅನ್ನ ಮೆತ್ತಿದ ಕೈಯಿಂದಲೇ ಅಡಾಪ್ಟರನ್ನು ಕಿತ್ತಳು. ಮ್ಯಾನೇಜರ್‌ಗೆ ಫೋನ್ ಮಾಡಿದಳು. ಸ್ಪೀಕರ್‌ನಲ್ಲಿ ನಾವು ಮೂವರೂ ಕೇಳಿಸಿಕೊಂಡೆವು. ಆಕೆಯ ದನಿ ಮೃದುವಾಗಿಯೇ ಇತ್ತು.

"ನಂಗೆ ಅರ್ಥ ಆಗುತ್ತೆ ವೀಣಾ. ಆದ್ರೆ ರೂಲ್ಸ್ ಎಲ್ಲರಿಗೂ ಒಂದೇ ಅಲ್ವಾ. ಸೋಮವಾರದಿಂದ ಆಫೀಸಿಗೆ ಬಂದ್ಬಿಡಿ."

ಸೋಮವಾರದಿಂದ ಅವಳು ಹೋಗತೊಡಗಿದಳು. ನಸುಕಿನಲ್ಲೇ ಎದ್ದು ತಂದೆಯನ್ನು ಬಚ್ಚಲಿಗೆ ಕರೆದೊಯ್ದು, ಒರೆಸಿ, ಬೇರೆ ಪಂಚೆ ಉಡಿಸಿ ಓಡುತ್ತಿದ್ದಳು. ಸಂಜೆಯವರೆಗೆ ನಾನು ಒಂದು ಕೈಯಲ್ಲಿ ಪಾತ್ರೆ ಹಿಡಿದು ನಿಭಾಯಿಸಿದೆ. ನಾಗರಾಜ ವಿಷಯ ತಿಳಿದು ಬಂದ. ಜೋಕು ಮಾಡಲಿಲ್ಲ. "ನಾನಿದೀನಿ ಅಂಕಲ್, ಮಧ್ಯಾಹ್ನ ಒಂದ್ಸಲ ಬಂದು ಎತ್ತಿ ಕೂರಿಸ್ತೀನಿ," ಎಂದ. ಹಾಗೆಯೇ ದಿನಾ ಬಂದ.

"ನೋಡ್ದ್ಯಾ ಗಿರಿಜಾ, ನಾನು ಬಾಯಲ್ಲಿ ಹೇಳಿದ್ದೇ ಆಯ್ತು," ಎಂದರು ಅವರು.

ಈಗ ಮಷೀನು ಹಗಲೂ ರಾತ್ರಿ ಓಡುತ್ತಿತ್ತು. ಆದರೆ ಹೃದಯಕ್ಕೆ ಬಿದ್ದ ಭಾರ ಇಳಿಯಲಿಲ್ಲ. ಮಹಾಲಯ ಅಮಾವಾಸ್ಯೆಯ ಹಿಂದುಮುಂದಿನ ದಿನಗಳು. ಜ್ವರ ಬಂತು, ಕಫ ಕಟ್ಟಿತು, ಆಸ್ಪತ್ರೆಗೆ ಸೇರಿಸಿದೆವು. ವೀಣಾಳಿಗೆ ಸಿಕ್ಕಿದ ರಜೆ ಎರಡು ದಿನ. ಮೂರನೆಯ ದಿನ ಬೆಳಿಗ್ಗೆ ಅವರ ತಲೆ ಬಾಚಿ, "ಸಂಜೆ ಬರ್ತೀನಪ್ಪಾ" ಎಂದು ಹೇಳಿ ಹೋದಳು. ನಾನು ಫೋನ್ ಮಾಡಿದಾಗ ಅವಳು ಮೆಟ್ರೊ ಇಳಿದು ಬಸ್ಸಿಗೆ ನಿಂತಿದ್ದಳು. ಜನರ ಗದ್ದಲದಲ್ಲಿ ನನ್ನ ಮಾತು ಅವಳಿಗೆ ಕೇಳಿಸಲಿಲ್ಲ. ಮೂರು ಸಲ ಹೇಳಬೇಕಾಯಿತು.

ಮಲಗಿದರೆ ಉಸಿರು ಕಟ್ಟುವ ಅವರು ವರ್ಷದಿಂದ ಕೂತೇ ನಿದ್ದೆ ಮಾಡುತ್ತಿದ್ದರು. ನಮ್ಮವರ ಪದ್ಧತಿಯಂತೆ ವಿಭೂತಿ ಹಚ್ಚಿ, ಕೂರಿಸಿಯೇ ಮಣ್ಣಿಗಿಟ್ಟೆವು.

ಶಿವಗಣಾರಾಧನೆ ಮುಗಿದ ಮೇಲಿನ ಬುಧವಾರ. ವೀಣಾ ಕೆಲಸಕ್ಕೆ ಹೋಗಿಯಾಗಿತ್ತು. ಮಳೆ ಹಿಂದೆಗೆದು ಬಿಸಿಲು ಬಿದ್ದಿತ್ತು, ರಸ್ತೆ ಮುಚ್ಚಿ ಜಲ್ಲಿ ಹರಡಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಏಣಿ ಹೊತ್ತ ಇಬ್ಬರು ಬಾಗಿಲಲ್ಲಿ ನಿಂತರು.

"ಅಮ್ಮಾ, ಕೇಬಲ್ ಶಿಫ್ಟಿಂಗ್ ಅಂತ ಕಂಪ್ಲೇಂಟ್ ಇತ್ತಲ್ಲ. ಮಹಡಿಗೆ."

ವೀಣಾಳಿಗೆ ಫೋನ್ ಮಾಡಿದೆ. "ಇನ್ಯಾಕೆ, ಬೇಡ ಅಂತ ಹೇಳಿ ಕಳ್ಸಮ್ಮ," ಎಂದಳು.

"ಬಂದಿದ್ದಾರೆ. ಮುಗಿಸಿ ಹೋಗ್ಲಿ."

"ಸರಿ," ಎಂದು ಇಟ್ಟಳು.

ಕಂಬದಿಂದ ಟೆರೇಸಿಗೆ ಕೇಬಲ್ ಎಸೆದು, ಕಿಟಕಿಯ ಸರಳಿಗೆ ಕಟ್ಟಿ, ರೂಟರನ್ನು ಮೇಲೆ ಕೂರಿಸಲು ಅವರಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಒಂದು ಚೂರು ಧೂಳು ಏಳಲಿಲ್ಲ. ಲೈನು ಬರುತ್ತಿದೆಯೇ ಎಂದು ಪರೀಕ್ಷಿಸಿ ತೋರಿಸಿದರು. ಚೆನ್ನಾಗಿ ಬರುತ್ತಿತ್ತು.

ಮಧ್ಯಾಹ್ನ ಆಕ್ಸಿಜನ್ ಮಷೀನಿನವನು ವ್ಯಾನ್ ತಂದ. ನೀರಿನ ಬಾಟಲಿ ತೊಳೆದು, ನಳಿಕೆ ಬಿಸಾಕಿ, ಜಾಲರಿಯ ಧೂಳು ಬ್ರಷ್ಷಿನಿಂದ ತೆಗೆದು, ಒಪ್ಪಿಸಲು ಸಿದ್ಧ ಮಾಡಿಟ್ಟಿದ್ದೆ. ಅವನು ಸ್ವಿಚ್ಚು ಹಾಕಿ ನೋಡಿದ.

"ಚೆನ್ನಾಗಿ ಇಟ್ಕೊಂಡಿದೀರಮ್ಮ. ಎಲ್ರೂ ಇಷ್ಟು ಕ್ಲೀನ್ ಕೊಡಲ್ಲ. ಇದು ಇವತ್ತೇ ಪಟ್ಟಂದೂರು ಅಗ್ರಹಾರಕ್ಕೆ ಹೋಗುತ್ತೆ, ಒಬ್ಬ ಅಜ್ಜಿಗೆ."

"ಮನೇಲಿ ಯಾರಿದ್ದಾರೆ?"

"ಮೊಮ್ಮಗಳಂತೆ. ಮನೆಯಿಂದಾನೇ ಕೆಲಸ ಮಾಡ್ತಾರೆ. ಸೌಂಡ್ ಜಾಸ್ತಿ ಬರುತ್ತಾ ಅಂತ ಆಗ್ಲೇ ಎರಡು ಸಲ ಫೋನ್ ಮಾಡಿದ್ರು."

"ಸ್ವಿಚ್ಚು ಗೋಡೆ ಕಡೆಗೆ ಬರೋ ಹಾಗೆ ಇಡಪ್ಪ. ಅಜ್ಜಿ ಕೈಗೆ ಸಿಗಬಾರದು."

"ಯಾಕಮ್ಮ?"

"ಆರಿಸ್ಬಿಡ್ತಾರೆ."

ಅವನಿಗೆ ನಗು ಬಂತು. "ಉಸಿರಾಡೋಕೆ ಅಂತ ತರ್ಸೋ ಮಷೀನು, ಅವರೇ ಯಾಕಮ್ಮ ಆರಿಸ್ತಾರೆ?"

"ನೀನು ಇಡು. ಮೊಮ್ಮಗಳಿಗೂ ಹೇಳು, ಕೆಲಸದ ಮಧ್ಯೆ ಒಂದೊಂದ್ಸಲ ಎದ್ದು ಬಂದು ನೋಡ್ಬೇಕು ಅಂತ. ಹೇಳ್ತೀಯಾ?"

ನನ್ನ ಮುಖ ನೋಡಿ ಅವನು ನಗು ನಿಲ್ಲಿಸಿದ. "ಹೇಳ್ತೀನಮ್ಮ," ಎಂದು ಮಷೀನನ್ನು ಹೊಸಲು ದಾಟಿಸಿ ವ್ಯಾನಿಗೇರಿಸಿದ.

ಅದು ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಗಾಲಿಗಳ ಕಪ್ಪು ಗುರುತು ಉಳಿದಿತ್ತು. ಬಕೆಟ್ಟಿಗೆ ಸೋಪಿನ ನೀರು ತಂದು, ಎಡಗೈಯಲ್ಲಿ ಉಜ್ಜಿದೆ. ಮೊದಲ ಸಲಕ್ಕೆ ಹೋಗಲಿಲ್ಲ, ಎರಡನೆಯ ಸಲಕ್ಕೆ ಹೋಯಿತು. ನೀರು ಚೆಲ್ಲಿ, ಬಟ್ಟೆ ಹಿಂಡಿ, ಹಿತ್ತಲ ತಂತಿಯ ಮೇಲೆ ಹರವಿದೆ.